ಹೊಡೆಯಲೆಂದೇ ಎಸೆದ ಚೆಂಡು

“ಅಪ್ಪಾ, ಇಷ್ಟು ದೂರ ಹಾಕಿದ್ರೆ ನಾನು ಹೇಗೆ ಹೊಡೀಲಿ?”

ಕಾಹೊ ಬ್ಯಾಟು ಕೆಳಗಿಳಿಸಿದಳು. ಚೆಂಡು ಅವಳ ಕೈಗೆಟುಕದಷ್ಟು ದೂರ ಹಾದು ಹಿಂದಿನ ಬಲೆಗೆ ಬಡಿದಿತ್ತು. ಅದರ ಹಿಂದಿನದೂ ಹಾಗೇ ಹೋಗಿತ್ತು. ತಮಾ ನದಿಯ ದಂಡೆಯ ಮೈದಾನದಲ್ಲಿ ಜನವರಿಯ ಗಾಳಿ ಮುಖಕ್ಕೆ ಚುಚ್ಚುತ್ತಿತ್ತು.

“ಸಾರಿ ಕಣೇ. ಇನ್ನೊಂದು ಹಾಕ್ತೀನಿ,” ಎಂದ ಅಪ್ಪ.

ಹನ್ನೊಂದು ವರ್ಷ ಅಪ್ಪ ದೊಡ್ಡ ಬೇಸ್‌ಬಾಲ್ ತಂಡದ ಪಿಚರ್ ಆಗಿದ್ದ. ಬ್ಯಾಟು ಹಿಡಿದವನಿಗೆ ಸಿಗದಂತೆ ಚೆಂಡು ಎಸೆಯುವುದೇ ಅವನ ಕೆಲಸ. ಹೋದ ವರ್ಷ ಭುಜ ಕೈಕೊಟ್ಟಿತು, ತಂಡ ಕೈಬಿಟ್ಟಿತು. ಈಗ ಅದೇ ತಂಡದಲ್ಲಿ ಇನ್ನೊಂದು ಕೆಲಸವಿತ್ತು. ಬ್ಯಾಟರುಗಳು ಅಭ್ಯಾಸ ಮಾಡುವಾಗ ಅವರು ಹೊಡೆಯಲೆಂದೇ ಹದವಾಗಿ ಎಸೆಯಬೇಕು. ನಾಳೆ ಅದಕ್ಕೆ ಪರೀಕ್ಷೆ. ಅದೂ ತಪ್ಪಿಹೋದರೆ ಅಪ್ಪನಿಗೆ ಬೇಸ್‌ಬಾಲೇ ಇಲ್ಲ.

ಬರೀ ಬಲೆಗೆ ಎಸೆದಾಗ ಚೆಂಡು ನೆಟ್ಟಗೆ ಹೋಗುತ್ತಿತ್ತು. ಎದುರು ಯಾರಾದರೂ ನಿಂತರೆ ಸಾಕು, ಅಪ್ಪನ ಕೈ ಹೆದರುತ್ತಿತ್ತು.

“ನಾಳೆ ದೊಡ್ಡ ದೊಡ್ಡ ಆಟಗಾರರು ನಿಲ್ತಾರೆ. ಅವರಿಗೆ ತಗುಲಿಬಿಟ್ರೆ ತಂಡದ ಗತಿ ಏನು ಹೇಳು?” ಎಂದ ಅಪ್ಪ, ಚೆಂಡನ್ನೇ ನೋಡುತ್ತಾ. “ಚೆನ್ನಾಗಿ ಬ್ಯಾಟಿಂಗ್ ಬರೋರು ಯಾರಾದ್ರೂ ಇದ್ದಿದ್ರೆ...”

ಅಂಥವನೊಬ್ಬ ಕಾಹೊಗೆ ಗೊತ್ತಿದ್ದ. ಅವಳ ಕ್ಲಾಸಿನ ತೈಗಾ. ಅವನ ಮನೆ ದಂಡೆಯ ಏರಿಯ ಆಚೆಗೇ ಇತ್ತು. ಆದರೆ ನಿನ್ನೆ ಊಟದ ಹೊತ್ತಿಗೆ ಎಲ್ಲರೆದುರು ಅವನು ಹೇಳಿದ್ದೇನು? “ಇವಳಪ್ಪನಿಗೆ ಇನ್ಮೇಲೆ ಹೊಡೆಸಿಕೊಳ್ಳೋದೇ ಡ್ಯೂಟಿ ಅಂತೆ! ಅದಕ್ಕೆ ಸಂಬಳ ಬೇರೆ!” ಕ್ಲಾಸೆಲ್ಲ ಬಿದ್ದೂ ಬಿದ್ದೂ ನಕ್ಕಿತ್ತು.  ಇನ್ನು ಅವನ ಮುಖವನ್ನೇ ನೋಡುವುದಿಲ್ಲ ಎಂದುಕೊಂಡಿದ್ದಳು ಕಾಹೊ.

ಅಪ್ಪ ಬೆರಳುಗಳಿಗೆ ಬಿಸಿಯುಸಿರು ಊದಿಕೊಂಡು ಮತ್ತೆ ಎಸೆದ. ಅದೂ ದೂರವೇ ಹೋಯಿತು.

ಕಾಹೊ ಬ್ಯಾಟನ್ನು ನೆಲಕ್ಕಿಟ್ಟು ಓಡಿದಳು.

ತೈಗಾ ಸುಟ್ಟ ಗೆಣಸು ತಿನ್ನುತ್ತಲೇ ಬಾಗಿಲು ತೆರೆದ. “ಏನೇ?”

“ಹೊಡೆಸಿಕೊಳ್ಳೋದೇ ಡ್ಯೂಟಿ ಅಂದೆಯಲ್ಲ,” ಎಂದಳು ಕಾಹೊ. “ಬಾ, ಬಂದು ಹೊಡಿ. ಅಪ್ಪನಿಗೆ ನಾಳೆ ಟೆಸ್ಟ್ ಇದೆ.”

ತೈಗಾ ಅಗಿಯುವುದನ್ನು ನಿಲ್ಲಿಸಿದ. ಹೆಲ್ಮೆಟ್ ತರಲು ಒಳಗೆ ಹೋದ.

ಅಪ್ಪನ ಮೊದಲ ಚೆಂಡೇ ತೈಗಾನ ತೊಡೆಗೆ ಬಡಿಯಿತು. ಅಪ್ಪ ಟೋಪಿ ತೆಗೆದು ತಲೆಬಾಗಿಸಿದ. ಅವನ ಮುಖ ಬಿಳಚಿಕೊಂಡಿತ್ತು.

“ತಪ್ಪಾಯ್ತಪ್ಪಾ. ಸಾಕು, ನನ್ನ ಕೈಲಿ ಆಗಲ್ಲ.”

“ರಬ್ಬರ್ ಬಾಲ್ ಅಲ್ವಾ ಅಂಕಲ್, ಏನೂ ಆಗಿಲ್ಲ,” ತೈಗಾ ತೊಡೆ ಉಜ್ಜಿಕೊಂಡ. ಕಣ್ಣಲ್ಲಿ ನೀರಿತ್ತು. ಆದರೂ ಮೊದಲು ನಿಂತ ಜಾಗದಲ್ಲೇ ಬಂದು ನಿಂತ. “ಹಾಕಿ.”

ಅಪ್ಪ ಟೋಪಿ ಹಾಕಿಕೊಂಡ. ಇನ್ನೊಂದು ಚೆಂಡು ಕೈಗೆತ್ತಿಕೊಂಡ.

ಕಾಹೊ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅಮ್ಮನ ಜೊತೆ ಸ್ಟೇಡಿಯಮ್ಮಿನಲ್ಲಿ ಕೂತು, ಅಪ್ಪನ ಚೆಂಡು ಬ್ಯಾಟಿಗೆ ಸಿಗದಿರಲಿ ಎಂದು ಅವಳು ಎಷ್ಟು ಸಲ ಬೇಡಿಕೊಂಡಿರಲಿಲ್ಲ! ಈಗ ಅವಳ ತುಟಿ ‘ಸಿಗಲಿ, ಸಿಗಲಿ’ ಎನ್ನುತ್ತಿತ್ತು.

ಟಣ್!

ಚೆಂಡು ಅಪ್ಪನ ತಲೆಯ ಮೇಲಿಂದ ಹಾರಿತು. ಮುಂದಿನದೂ ಹಾರಿತು. “ಇನ್ನೂ ಸ್ವಲ್ಪ ಒಳಗೆ, ನನ್ನ ಮೈ ಹತ್ತಿರ ಹಾಕಿ!” ಎಂದ ತೈಗಾ. ಅಪ್ಪ ಒಳಗೆ ಹಾಕಿದ. “ಈಗ ಮೇಲೆ!” ಮೇಲೆ ಹಾಕಿದ. ಕೇಳಿದ ಕಡೆಗೆಲ್ಲ ಚೆಂಡು ಬಂತು.

ಕತ್ತಲಾಗುತ್ತಾ ಬಂದಾಗ ತೈಗಾ ಹೆಲ್ಮೆಟ್ ತೆಗೆದು, ಸೊಂಟ ಬಗ್ಗಿಸಿ ನಮಸ್ಕರಿಸಿದ. ಅಪ್ಪನೂ ಅವನಷ್ಟೇ ಬಗ್ಗಿದ. ತೈಗಾ ಬ್ಯಾಟು ಹೆಗಲಿಗೇರಿಸಿ, ಸ್ವಲ್ಪ ಕುಂಟುತ್ತಾ ದಂಡೆ ಹತ್ತತೊಡಗಿದ.

ಕಾಹೊ ಬಕೆಟ್ ಹಿಡಿದು ಚೆಂಡು ಹೆಕ್ಕಲು ಹೋದಳು. ಹುಲ್ಲಿನಲ್ಲಿ ಕೆಲವು ಸಿಕ್ಕವು. ಉಳಿದವು ಇನ್ನೂ ಮುಂದೆ, ನದಿಯ ಹತ್ತಿರದ ಜೊಂಡಿನಲ್ಲಿದ್ದವು.

“ಎಲ್ಲಾ ಸಿಕ್ತಾ?” ಅಪ್ಪ ಕೂಗಿ ಕೇಳಿದ.

“ಇಲ್ಲಪ್ಪಾ! ತುಂಬಾ ತುಂಬಾ ದೂರ ಹೋಗಿವೆ!” ಕಾಹೊ ದಂಡೆಯ ಮೇಲಿದ್ದ ತೈಗಾನಿಗೂ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು.