ಫ್ರಿಡ್ಜಿನೊಳಗಿನ ಬೀಗದ ಕೈ

ಗೊರ್ರ್‌ರ್‌ರ್...!

ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ ಅವಳ ಹಾಡಿನ ಹನ್ನೊಂದನೇ ಟೇಕೂ ಹಾಳಾಯಿತು. ಮೇಲಿನ ಮನೆಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು.

ಫೋನು ಹಿಡಿದುಕೊಂಡೇ ಮೆಟ್ಟಿಲೇರಿ ಬಾಗಿಲು ಬಡಿದಳು. ತೆರೆದವನು ರೇಡಿಯೊ ರಿಪೇರಿಯವನು. ಕೈಯಲ್ಲಿ ಡ್ರಿಲ್, ತಲೆ ತುಂಬ ಸುಣ್ಣದ ಪುಡಿ.

"ಕೆಳಗೂ ಮನುಷ್ಯರಿದಾರೆ, ಗೊತ್ತಾ ನಿಮಗೆ? ಬೆಳಗ್ಗೆಯಿಂದ ಒಂದು ಹಾಡು ಮುಗಿಸೋಕಾಗ್ತಿಲ್ಲ!"

"ಎಲ್ಲಿ, ಕೇಳಿಸಿ."

ಅವನು ಫೋನನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ. ಮುಚ್ಚಿದ ಆ ಕಣ್ಣುಗಳನ್ನು ತಾನೇಕೆ ನೋಡುತ್ತಿದ್ದೇನೆಂದು ಅವಳಿಗೇ ಸಿಟ್ಟು ಬಂತು.

"ನನ್ನ ಡ್ರಿಲ್ಲು ಕಡೇ ಎರಡು ಸೆಕೆಂಡು ಅಷ್ಟೇ. ಅದಕ್ಕೂ ಮೊದಲೇ ಹಾಡು ಬಚ್ಚಲಿಗೆ ಬಿದ್ದಿದೆ."

"ಏನಂದ್ರಿ?!"

"ನಿಮ್ಮ ದನಿಗಲ್ಲ ಮಾರಾಯ್ತಿ, ರೂಮಿಗೆ ಅಂದಿದ್ದು. ಬರೀ ಗೋಡೆ, ಬಚ್ಚಲಲ್ಲಿ ಹಾಡಿದ ಹಾಗೆ ಮಾರ್ದನಿ, ಫೋನು ಬೇರೆ ಅಷ್ಟು ದೂರ. ಒಂದು ಪದವೂ ಬಿಡಿಸಿ ಕೇಳ್ತಿಲ್ಲ."

ಪದ ಕೇಳದಿದ್ದರೆ ಈ ಹಾಡು ಯಾಕೆ?... ಅವಳು ಎಲ್ಲವನ್ನೂ ಹೇಳಿಬಿಟ್ಟಳು.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಜೊತೆಯವರಿಗೆಲ್ಲ ಕಾಲರಕ್ಕ. ಕಳೆದ ವಾರ ಮೂವತ್ತೆಂಟು ಹೆಂಗಸರನ್ನು 'ಕೈ ನಿಧಾನ' ಎಂದು ಹೊರಗಟ್ಟಿದ್ದರು. ಅವರಲ್ಲೊಬ್ಬಳು ಅವಳ ಅಮ್ಮ. ಇಪ್ಪತ್ತೆರಡು ವರ್ಷ ದುಡಿದವಳಿಗೆ ಗೇಟಿನಲ್ಲಿ ಸಿಕ್ಕಿದ್ದು ಒಂದು ಚೀಟಿ. ಇಂದು ಅವಳು ರಜೆ ಹಾಕಿದ್ದಳು. ಸಂಜೆ ಐದಕ್ಕೆ ಪಾಳಿ ಬಿಡುವಾಗ ಗೇಟಿನಾಚೆ ಎಲ್ಲ ಫೋನುಗಳಲ್ಲೂ ಒಮ್ಮೆಗೇ ಈ ಹಾಡು ಮೊಳಗಬೇಕಿತ್ತು.

ಅವನು ಎಲ್ಲ ಕೇಳಿಸಿಕೊಂಡ. ಡ್ರಿಲ್ ಕೆಳಗಿಟ್ಟ. ಲ್ಯಾಪ್‌ಟಾಪ್, ಹೆಡ್‌ಫೋನ್ ಎತ್ತಿಕೊಂಡು, ಮನೆಗೆ ಬೀಗ ಹಾಕಿ ಅವಳ ಹಿಂದೆಯೇ ಇಳಿದ.

"ಸ್ಟುಡಿಯೊ ಬೇಡ. ಮನೇಲಿರೋ ಕೌದಿ, ಕಂಬಳಿ ಎಲ್ಲ ತನ್ನಿ."

ಮೂರು ಕಡೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟರು. ಅವಳ ಫೋನು ಚಿತ್ರಕ್ಕೆ, ಮೂರು ಹೆಜ್ಜೆ ದೂರ. ಅವನ ಫೋನು ದನಿಗೆ, ಉಸಿರು ಬಡಿಯದಂತೆ ಕಾಲುಚೀಲ ತೊಟ್ಟು ಬಾಯಿಂದ ಗೇಣು ದೂರ, ಚಿತ್ರದಲ್ಲಿ ಕಾಣದ ಹಾಗೆ. ಸದ್ದು ಸೇರದಂತೆ ಫ್ಯಾನ್ ಆರಿತು, ಫ್ರಿಡ್ಜೂ ಆರಿತು.

"ಆಮೇಲೆ ಫ್ರಿಡ್ಜ್ ಹಾಕೋದನ್ನ ಎಲ್ಲರೂ ಮರೀತಾರೆ," ಎಂದು ತನ್ನ ಬೀಗದ ಕೈಯನ್ನು ಅದರೊಳಗಿಟ್ಟ. "ಕೀ ಇಲ್ಲದೆ ನಾನು ಮನೆಗೆ ಹೋಗೋಕಾಗಲ್ಲ ನೋಡಿ!"

ಅವಳಿಗೆ ನಗು ಬಂತು. ಬೆಳಗ್ಗೆಯಿಂದ ಇದೇ ಮೊದಲು...

"ತಾಳಕ್ಕೆ ಅಮ್ಮನ ಹೊಲಿಗೆ ಮೆಷಿನ್ನು," ಎಂದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಪೆಡಲ್ ತುಳಿದಳು. ಟಕ ಟಕ ಟಕ... ಚಿತ್ರಕ್ಕೂ ದನಿಗೂ ಆಮೇಲೆ ಗಂಟು ಹಾಕಲು ಅವನು ಒಂದೇ ಒಂದು ಚಪ್ಪಾಳೆ ತಟ್ಟಿದ.

ಅವಳು ಹಾಡಿದಳು. ಸಿಟ್ಟನ್ನೆಲ್ಲ ಹಾಡಿದಳು.

ಅವನು ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಜೋಡಿಸಿ ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ದನಿ ಎಷ್ಟು ನಿಚ್ಚಳ! ಆದರೆ...

"ಮೆಷಿನ್ ಎಲ್ಲಿ?"

"ಕ್ಲೀನ್ ಮಾಡಿದೆ. ಗದ್ದಲ ಅಲ್ವಾ? ಹೀಗೆ ಚೆನ್ನಾಗಿದೆ..."

"ಗದ್ದಲಾನಾ?" ಹೆಡ್‌ಫೋನ್ ಕಿತ್ತೆಸೆದಳು. "ಅವರು ಅಮ್ಮನ್ನ ಕಾರ್ಖಾನೆ ಲೈನಿಂದ ತೆಗೆದ್ರು, ನೀವು ಹಾಡಿಂದ ತೆಗೆದ್ರಿ! ಏನ್ರೀ ವ್ಯತ್ಯಾಸ ನಿಮಗೂ ಆ ಸೂಪರ್‌ವೈಸರಿಗೂ?"

ಒಳಗೆ ಪೆಡಲ್ ನಿಂತಿತು.

ಅವನು ಲ್ಯಾಪ್‌ಟಾಪ್ ಮುಚ್ಚಿದ. ಎಲ್ಲ ಬಾಚಿಕೊಂಡು ಹೊರಟೇ ಹೋದ.

ಎರಡು ಗಂಟೆ ಕಾಲ ಅವಳು ಒಬ್ಬಳೇ ಹೆಣಗಿದಳು. ಅವನಂತೆಯೇ ಮಾಡಹೋದರೆ ಕೈಗೆ ಒಂದೇ ಫೋನು. ಹತ್ತಿರ ಇಟ್ಟರೆ ಬರೀ ಮೂಗು, ದೂರ ಇಟ್ಟರೆ ಮತ್ತೆ ಬಚ್ಚಲು! ನಾಲ್ಕೂವರೆ ಆಯಿತು. ಹೋಗಲಿ, ಹಾಳಾಗಲಿ... ಆದರೆ ಆ ಮುಚ್ಚಿದ ಕಣ್ಣು ಯಾಕೆ ನೆನಪಾಗಬೇಕು?

"ಏನೇ ಇದು, ಅಡುಗೆಮನೆ ತುಂಬ ನೀರು!" ಅಮ್ಮ ಕೂಗಿದಳು. "ಫ್ರಿಡ್ಜ್ ಯಾರೇ ಆರಿಸಿದ್ದು?"

ಬಾಗಿಲು ತೆರೆದರೆ, ಕರಗಿದ ಮಂಜಿನ ನಡುವೆ ಬೀಗದ ಕೈ.

ಅಯ್ಯೋ! ಹಾಗಾದರೆ ಅವನು...

ಓಡಿದಳು. ಬೀಗ ಬಿದ್ದ ಬಾಗಿಲ ಮುಂದೆ, ಮೇಲಿನ ಮೆಟ್ಟಿಲಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ.

"ಆಗಿನಿಂದ ಇಲ್ಲೇನಾ? ಕೀ ಕೇಳೋಕೇನಾಗಿತ್ತು?"

"ಯಾವ ಮುಖ ಇಟ್ಕೊಂಡು ಕೇಳ್ಲಿ? ಮೊದಲು ನಿಮ್ಮಮ್ಮನ್ನ ವಾಪಸ್ ತಂದು ಆಮೇಲೆ ಕೇಳೋಣ ಅಂತಿದ್ದೆ. ತಂದಿದೀನಿ. ಆದ್ರೆ ಬ್ಯಾಟರಿ ನಾಲ್ಕು ಪರ್ಸೆಂಟು... ಚಾರ್ಜರ್ ಒಳಗಿದೆ."

ಅವಳು ಬೀಗ ತೆಗೆದಳು. ಮೂರು... ಎರಡು... ಅವನು ವೈರು ಚುಚ್ಚಿದ. ಪರದೆ ಬೆಳಗಿತು. ಅವಳು ಹೆಡ್‌ಫೋನ್ ತೊಟ್ಟಳು.

ಟಕ ಟಕ ಟಕ... ಅಮ್ಮ ಇದ್ದಳು. ತನ್ನ ದನಿಯ ಕೆಳಗೆ, ನೆಲದಂತೆ.

"ಮತ್ತೆ ಆಗ ಯಾಕೆ ತೆಗೆದ್ರಿ?" ಈಗ ಸಿಟ್ಟಿರಲಿಲ್ಲ, ನೋವಿತ್ತು.

"ಎಂಟು ತಿಂಗಳಿಂದ ಸಂಜೆ ನೀವು ಹಾಡೋದು ಈ ನೆಲದ ಮೂಲಕ ಕೇಳ್ತಿದೀನಿ, ಅರ್ಧಂಬರ್ಧ. ಇವತ್ತು ನಿಮ್ಮ ದನಿ ಒಂದೇ, ಪೂರ್ತಿ ಬೇಕು ಅನ್ನಿಸ್ತು. ಗದ್ದಲ ಅಂದಿದ್ದು ಸುಳ್ಳು. ನನ್ನ ದುರಾಸೆ ಅದು."

ಅವಳು ಹಾಡನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಜೊತೆಯವರಿಗೆಲ್ಲ ಕಳಿಸಿದಳು. ಐದಕ್ಕೆ ಹತ್ತು ನಿಮಿಷವಿತ್ತು.

"ನನ್ನ ದನಿ ಒಂದೇ ಸಿಗಲ್ಲ," ಎಂದಳು ಮೆಲ್ಲಗೆ. "ಮೆಷಿನ್ನು, ಅಮ್ಮ, ಮೂವತ್ತೆಂಟು ಜನ... ಎಲ್ಲ ಜೊತೇಲೇ ಬರ್ತಾರೆ. ಆಗುತ್ತಾ?"

"ಆಗುತ್ತೆ."

"ಈಗ ಗೇಟಿಗೆ ಹೊರಟಿದೀವಿ. ಬರ್ತೀರಾ?"

"ಬೀಗ ಹಾಕ್ಕೊಂಡು ಬರ್ತೀನಿ. ಕೀ ಕೊಡಿ."

ಅವಳು ಮುಷ್ಟಿ ಬಿಗಿ ಮಾಡಿದಳು. ಒಳಗಿನ ಬೀಗದ ಕೈ ಇನ್ನೂ ತಣ್ಣಗೇ ಇತ್ತು.

"ಬೀಗ ನಾನು ಹಾಕ್ತೀನಿ. ಇದು ಇನ್ಮೇಲೆ ನಮ್ಮ ಫ್ರಿಡ್ಜಲ್ಲೇ ಇರುತ್ತೆ."

"ಮತ್ತೆ ನಾನು ದಿನಾ ಮನೆಗೆ ಹೋಗೋದು ಹೇಗೆ?"

"ದಿನಾ ಕೆಳಗೆ ಬಂದು ಕೇಳಿ..."