ವಿಮರ್ಶೆಯಲ್ಲಿ ಇಲ್ಲದ ಹೆಸರು

ನಾಟಕ ಆಗಲೇ ಶುರುವಾಗಿತ್ತು! ಉಡುಪಿಯ ಆ ಸಭಾಂಗಣದ ಕತ್ತಲಲ್ಲಿ ಕುರ್ಚಿ ಹುಡುಕುತ್ತಾ ತಡವರಿಸುತ್ತಿದ್ದ ಮೋಕ್ಷಾಳ ಕಾಲ ಬಳಿ ಒಂದು ಸಣ್ಣ ಬೆಳಕು ಬಂದು ಬಿತ್ತು. ಅವಳ ಮುಂದೆ ಮುಂದೆ ನಡೆದು, ಖಾಲಿ ಕುರ್ಚಿ ತೋರಿಸಿ, ಮೆಲ್ಲನೆ ಆರಿತು.

ತಿರುಗಿ ನೋಡಿದರೆ ದೀಪದ ಹಿಂದೆ ನಾಟಕಕ್ಕೆ ಬೆಳಕು ಹಾಕುವ ಸುಕೇಶ್ ನಗುತ್ತಿದ್ದ.

ಅಷ್ಟೇ... ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುವ, ಯಾರಿಗೂ ಸೊಪ್ಪು ಹಾಕದ ಮೋಕ್ಷಾಳ ಎದೆ ತಾಳ ತಪ್ಪಿತು.

ಮರುದಿನ ಅವನ ಬೆಳಕನ್ನು ಹೊಗಳಿ ಎರಡು ಸಾಲು ಬರೆದಳು. ಓದಿದಳು. ಅಳಿಸಿದಳು. ನಮ್ಮವರ ಬಗ್ಗೆ ವಿಮರ್ಶೆ ಬರೆಯಬಾರದು ಎಂಬುದು ಅವಳು ಹಾಕಿಕೊಂಡ ನೇಮ. 'ಇವನು ಯಾವಾಗ ನನ್ನವನಾದ?' ಎಂದು ತನ್ನನ್ನೇ ಕೇಳಿಕೊಂಡು ನಾಚಿದಳು.

ಮುಂದಿನ ವಾರಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳ ಮಾತಿಲ್ಲದ ನಾಟಕ, ಕಾಪುವಿನಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿಸಿದ ತುಳು ಹಾಸ್ಯ. ಎರಡಕ್ಕೂ ಬೆಳಕು ಸುಕೇಶನದೇ. ಆಟ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತಾ ಹರಟುತ್ತಿದ್ದರು. ವಿಮರ್ಶೆಯಲ್ಲಿ ಮಾತ್ರ ಪರದೆ ಎಳೆದವರ ಹೆಸರೂ ಇರುತ್ತಿತ್ತು, ಅವನದು ಇಲ್ಲ!

ಕಾರ್ಕಳದಲ್ಲಿ ಮಕ್ಕಳ ನಾಟಕ. ತಯಾರಿ ನೋಡಲು ಮಧ್ಯಾಹ್ನವೇ ಬಂದಿದ್ದ ಮೋಕ್ಷಾಳ ಎದುರು ಅವನು ಬಂದು ನಿಂತ. ಇದೇ ತನ್ನ ಕೊನೆಯ ನಾಟಕ, ಇನ್ನು ಸೋದರಮಾವನ ಅಂಗಡಿಯಲ್ಲಿ ಕೂರುವುದು ಎಂದ.

“ನನ್ನ ಕೆಲಸದಲ್ಲಿ ಎಂತ ಕಡಿಮೆ ಉಂಟು? ಬೈದು ಬರೆದಿದ್ದರೂ ಸಹಿಸುತ್ತಿದ್ದೆ. ನೀವು ಕಾಣದವರ ಹಾಗೆ ಬಿಟ್ಟಿರಿ, ಅಲ್ವಾ?”

ಮೋಕ್ಷಾಳಿಗೆ ಆಗ ಹೊಳೆಯಿತು. ಅಯ್ಯೋ... ತನ್ನ ನೇಮವೇ ಇವನ ದೀಪ ಆರಿಸಲು ಹೊರಟಿದೆ! ಈಗ ಸುಮ್ಮನಿದ್ದರೆ ಬೆಳಕೂ ಇಲ್ಲ, ಅವನೂ ಇಲ್ಲ.

“ನನ್ನ ಅಕ್ಕ ನಾಟಕ ಮಾಡುತ್ತಾಳೆ. ಅವಳ ಬಗ್ಗೆಯೂ ಒಂದಕ್ಷರ ಬರೆದಿಲ್ಲ,” ಎಂದಳು. “ನಮ್ಮವರ ಬಗ್ಗೆ ನಾನು ಬರೆಯುವುದಿಲ್ಲ ಸುಕೇಶ್.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು, ಪಾಪ. ಕೈಯಲ್ಲಿದ್ದ ವಯರು ನೆಲಕ್ಕೆ ಜಾರಿತು.

“ಯಾವಾಗಿನಿಂದ?”

“ಕುರ್ಚಿ ತೋರಿಸಿದಿರಲ್ಲ... ಆವತ್ತಿನಿಂದ.”

ಅವನು ಹೋಗಿ ದೀಪ ಹಾಕಿದ. ಖಾಲಿ ಸಭಾಂಗಣದಲ್ಲಿ ಅದೇ ಸಣ್ಣ ಬೆಳಕು ಅವಳ ಕಾಲ ಬಳಿ ಬಂತು. ಮುಂದೆ ಮುಂದೆ ನಡೆದು, ಈ ಸಲ ಅವನ ಪಕ್ಕದ ಕುರ್ಚಿಯ ಮೇಲೆ ನಿಂತಿತು.

ಮೋಕ್ಷಾ ಹೋಗಿ ಕುಳಿತಳು. “ನಾಳೆಯೂ ನಿಮ್ಮ ಹೆಸರು ಇರುವುದಿಲ್ಲ. ಇನ್ನು ಎಂದೂ ಇರುವುದಿಲ್ಲ. ಬೇಸರ ಉಂಟಾ?”

“ಅಂಗಡಿ ಮಾವನಿಗೇ ಇರಲಿ,” ಎಂದ ಸುಕೇಶ್ ಅವಳ ಕೈ ಹಿಡಿದು. “ನನ್ನ ಬಗ್ಗೆ ನೀನು ಬರೆಯಲೇ ಬೇಡ ಮಾರಾಯ್ತಿ.”