ಬೋರಿಖಿಂಡಿಯ ಹನ್ನೊಂದು ಕಲ್ಲು

ಒಂದು ಸಲ ಪೂರ್ತಿ ಕೇಳಿಬಿಡಿ, ತಪ್ಪು ಯಾರದೆಂದು ಆಮೇಲೆ ಹೇಳುವಿರಂತೆ.

ಜನವರಿ 12, ಭಾನುವಾರ, ಬೆಳಿಗ್ಗೆ 8.20. ಅಜಯಕುಮಾರ ರಕ್ತ ಮೆತ್ತಿದ ಅಂಗಿಯಲ್ಲೇ ಆಳಂದ ಠಾಣೆಗೆ ಬಂದ. ಅವನೂ ಗೆಳೆಯ ಹಫೀಜನೂ ಶನಿವಾರ ಎರಡು ಜೀಪುಗಳಲ್ಲಿ ಬೋರಿಖಿಂಡಿಯ ಕಣಿವೆ ದಾರಿ ಹತ್ತಿ, ಮೇಲೆ ಟೆಂಟ್ ಹಾಕಿದ್ದರು. ಬೆಳಿಗ್ಗೆ ಮಂಜಿನಲ್ಲಿ ಇಳಿಯುವಾಗ ಮುಂದಿದ್ದ ಹಫೀಜನ ಜೀಪು ಕಮರಿಗೆ ಬಿದ್ದಿತ್ತು.

"ದಾರಿ ತಪ್ಪಬಾರ್ದಂತ ಹತ್ತುವಾಗ ಹನ್ನೊಂದು ಬಿಳಿ ಕಲ್ಲಿಟ್ಟು ಕೆಂಪು ಬಾಣ ಬರದಿದ್ವಿ. ಈಗ ಒಂದೂ ಇಲ್ರಿ ಮೇಡಂ. ಬೇಕಂತ ಎತ್ತ್ಯಾರ."

"ಹಫೀಜ?" ಪಿಎಸ್‌ಐ ಮಧುಮತಿ ಕೇಳಿದರು.

"ಐಸಿಯುದಾಗ ಅದಾನ್ರಿ. ಕಣ್ಣ ತೆರದಿಲ್ಲ."

ಎಫ್‌ಐಆರ್ ದಾಖಲಾಯಿತು. 10.40ಕ್ಕೆ ಅಜಯನ ಜೊತೆ ಸ್ಥಳ ಪಂಚನಾಮೆ. ಪೊಲೀಸ್ ಜೀಪು ಅರ್ಧ ಗುಡ್ಡಕ್ಕೇ ನಿಂತಿತು, ಮುಂದೆ ನಡೆದೇ ಹತ್ತಿದರು.

"ನಾವು ದಾರಿ ಸುಧಾರಸ್ರಿ ಅಂತ ಅರ್ಜಿ ಕೊಡ್ತೇವಿ, ಇವ್ರು ಕೆಟ್ಟ ದಾರಿ ಹುಡುಕ್ಕೊಂಡು ಬರ್ತಾರ," ಕಾನ್‌ಸ್ಟೆಬಲ್ ಅಮೀರ ಏದುಸಿರು ಬಿಟ್ಟ.

ಕಮರಿಯ ತಿರುವಿನಲ್ಲಿ ಕಲ್ಲು ಊರಿದ್ದ ಆಳದ ಗುರುತಷ್ಟೇ ಇತ್ತು; ಕೆಳಗೆಲ್ಲೂ ಬಿಳಿ ಕಲ್ಲು ಕಾಣಲಿಲ್ಲ.

"ಕೇಡು ಬಯಸಿದಾಂವ ಇಲ್ಲೇ ಕೆಳಗ ಉಳ್ಳಸ್ತಿದ್ದ, ಅಮೀರ. ಇಷ್ಟು ಭಾರದ್ದು ಹೊತ್ಕೊಂಡು ಯಾಕ ಹೋದ?" ಮಧುಮತಿ ಅಜಯನತ್ತ ತಿರುಗಿದರು. "ಕಲ್ಲು ಎಲ್ಲಿಂದ ತಂದಿದ್ರಿ?"

"ಗುಡ್ಡದ ಬುಡಕ್ಕ ಇದ್ವು. ಸುಣ್ಣ ಹಚ್ಚಿದ್ವು, ಲೈಟ್ ಬಿದ್ರ ಕಾಣ್ತಾವಂತ ತಗೊಂಡ್ವಿ."

"ಹ್ಯಾಂಗ ಇದ್ವು? ರಾಶಿ?"

"ಇಲ್ರಿ. ಸುತ್ತ... ಹೊಂದಿಸಿಟ್ಟಂಗ." ಅಜಯನ ದನಿ ಇಳಿಯಿತು.

12.15. ಗುಡ್ಡದ ಬುಡದಲ್ಲಿ ನಾಲ್ಕಡಿ ಉದ್ದದ ಮಣ್ಣಿನ ದಿಬ್ಬ. ಸುತ್ತ ಹನ್ನೊಂದು ಕಲ್ಲು. ಹಸಿ ಸುಣ್ಣದಡಿ ಕೆಂಪು ಬಾಣಗಳು ಮಸುಕಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ಕೆಳಗಿನ ಊರಿನ ದತ್ತಪ್ಪ ಪೊಲೀಸರನ್ನು ನೋಡಿಯೂ ಏಳಲಿಲ್ಲ.

"ಯಾರ ಮಣ್ಣು ಕಾಕಾ?" ಮಧುಮತಿ ಕೇಳಿದರು.

"ನನ್ನ ಮಗಳು ಪಂಚಶೀಲಾಂದ್ರಿ. ಏಳು ವರ್ಷದಾಕಿ ಇದ್ಳು. ಹುಣ್ಣಿವಿ ಬಂದ್ರ ಸುಣ್ಣ ಹಚ್ತೇನಿ. ನಿನ್ನಿ ಸಂಜಿಮುಂದ ಬಂದ್ರ ಒಂದೂ ಕಲ್ಲಿಲ್ಲ. ಗಾಲಿ ಗುರ್ತು ಹಿಡದು ಮ್ಯಾಲ ಹತ್ತಿದೆ."

"ಇವು ತಗದ್ರ ಜೀಪಿನವ್ರು ಬೀಳ್ತಾರಂತ ಗೊತ್ತಿರ್ಲಿಲ್ಲ?"

"ಗೊತ್ತಿತ್ರಿ. ಅದಕ್ಕ ಹತ್ತೇ ತಂದೆ. ತಿರುವಿಂದು ಬಿಟ್ಟೆ." ಅವನು ಒಂದು ಕಲ್ಲನ್ನು ಅಂಗೈಯಿಂದ ಸವರಿದ. "ಆದ್ರ ಅದು ಆಕಿ ತೆಲಿ ಕಡಿಂದು. ಮನಿ ತನಕ ಹೋಗಿ ಹೊಳ್ಳಿ ಹತ್ತಿದೆ, ಅದನ್ನೂ ತಂದೆ."

12.40ಕ್ಕೆ ದತ್ತಪ್ಪನ ಬಂಧನವಾಯಿತು. ಹತ್ತು ಕಲ್ಲುಗಳ ಫೋಟೊ ತೆಗೆದು ಅಲ್ಲೇ ಬಿಟ್ಟರು. ತಿರುವಿನ ಹನ್ನೊಂದನೆಯದು ಸಾಕ್ಷ್ಯ, ಜಪ್ತಿಯಾಗಲೇಬೇಕಿತ್ತು. ಅಮೀರ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಾಗ ದತ್ತಪ್ಪ ಮೊದಲ ಬಾರಿಗೆ ಎದ್ದು ನಿಂತ.

"ಬಿದ್ದಾಂವ ಬದುಕ್ಯಾನೇನ್ರಿ?" ಜೀಪಿನಲ್ಲಿ ಅವನು ಕೇಳಿದ.

ನೀವಾಗಿದ್ದರೆ ಆ ಒಂದು ಕಲ್ಲನ್ನು ತಿರುವಿನಲ್ಲೇ ಬಿಟ್ಟು ಬರುತ್ತಿದ್ದಿರಾ?